ಕುದಿಸಿದರೂ ಹೋಗದ ಫ್ಲೋರೈಡ್

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇದ್ದವರು ಸಿಗುತ್ತಾರೆ. ‘ಸರಿಯಾಗಿ ಹಲ್ಲುಜ್ಜಲ್ಲ’ ಅಂತ ಬೈಸಿಕೊಂಡವರೇ ಹೆಚ್ಚು. ತಪ್ಪು ಬ್ರಷ್ಷಿನದಲ್ಲ, ಕೊಳವೆಬಾವಿ ನೀರಿನ ಫ್ಲೋರೈಡಿನದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ.

ಮಕ್ಕಳಲ್ಲಿ ಹಲ್ಲು ಕೆಟ್ಟರೆ ದೊಡ್ಡವರಲ್ಲಿ ಮೂಳೆ. ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುವುದಿಲ್ಲ. ಮಂಡಿನೋವೆಲ್ಲ ಫ್ಲೋರೈಡಿನದ್ದಲ್ಲ, ನಿಜ. ಆದರೆ ‘ವಯಸ್ಸಾಯ್ತು’ ಅಂತ ಸುಮ್ಮನಾಗುವ ಮೊದಲು ನೀರನ್ನೂ ಅನುಮಾನಿಸಬೇಕು.

‘ಕುದಿಸೇ ಕುಡಿತೀನಲ್ಲಪ್ಪಾ’ ಅಂತಾಳೆ ನಮ್ಮಜ್ಜಿ. ಕುದಿಸಿದರೆ ಸಾಯುವುದು ಕ್ರಿಮಿ. ಕರಗಿದ ಫ್ಲೋರೈಡ್ ಅಲ್ಲೇ ಇರುತ್ತದೆ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. (ಮೊದಲ ವರ್ಷದ ಕೆಮಿಸ್ಟ್ರಿ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ!) ಬಟ್ಟೆಯಲ್ಲಿ ಸೋಸಿದರೂ ಅಷ್ಟೇ.

ಈಗ ಬಹಳ ಮನೆಗಳಿಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಬರುತ್ತದೆ. ಆದರೆ ಅದು ಕುಡಿಯೋಕೆ ಮಾತ್ರ. ಅನ್ನ, ಬೇಳೆ, ರೊಟ್ಟಿ ಹಿಟ್ಟಿನ ಎಸರು, ಚಹಾ ಎಲ್ಲಕ್ಕೂ ಬೋರಿನ ನೀರೇ! ಅನ್ನ, ಬೇಳೆ ಕುಡಿಯುವುದೂ ಅದೇ ನೀರನ್ನಲ್ಲವೇ? ಚಹಾಪುಡಿಯಲ್ಲಂತೂ ಮೊದಲೇ ಫ್ಲೋರೈಡ್ ಇರುತ್ತದೆ. ಇನ್ನೊಂದು ಕ್ಯಾನ್ ತಂದು ಅಡುಗೆಗಿಡಿ; ಸ್ನಾನಕ್ಕೆ, ಪಾತ್ರೆಗೆ ಬೋರಿನದು ಸಾಕು. ಊಟಕ್ಕೆ ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು ಇರಲಿ. ಅವುಗಳ ಕ್ಯಾಲ್ಸಿಯಂ ಫ್ಲೋರೈಡ್ ಮೈಗೆ ಹತ್ತುವುದನ್ನು ಸ್ವಲ್ಪ ತಡೆಯುತ್ತದೆ.

ನಿಮ್ಮೂರಿನ ಬೋರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಪಂಚಾಯಿತಿಯಲ್ಲಿ ಕೇಳಿ. ಹಾಗೇ, ಘಟಕದ ಫಿಲ್ಟರ್ ಬದಲಿಸಿ ಎಷ್ಟು ತಿಂಗಳಾಯ್ತು ಅಂತಲೂ.