ಕುಮರಿ ಹೋಯಿತು, ಸೊಪ್ಪಿನ ಬೆಟ್ಟ ಉಳಿಯಿತು

ಚಳಿ ಕಳೆಯುತ್ತಲೇ ಗುಡ್ಡದ ಓರೆಯಲ್ಲಿ ಗಿಡಗಂಟಿ ಕಡಿದು ಒಣಗಲು ಬಿಡಬೇಕು. ಬೇಸಿಗೆಯ ಕೊನೆಗೆ ಬೆಂಕಿ. ಮೊದಲ ಮಳೆಗೆ ಬೂದಿ ನೆನೆದಾಗ ಅದರ ಮೇಲೆ ರಾಗಿ ಬಿತ್ತನೆ. ನೇಗಿಲು ಬೇಡ, ಎತ್ತೂ ಬೇಡ. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ವರ್ಷಗಟ್ಟಲೆ ಕಾಡಿಗೇ ಬಿಟ್ಟು ಬೇರೆ ಗುಡ್ಡ ನೋಡಿಕೊಳ್ಳುವುದು. ಉತ್ತರ ಕನ್ನಡದ ಕುಣಬಿಗಳು ಹೊಟ್ಟೆ ಹೊರೆದದ್ದು ಈ ಕುಮರಿಯಿಂದ.

1799ರಲ್ಲಿ ಟಿಪ್ಪು ಮಡಿದ ಬಳಿಕ ಉತ್ತರ ಕನ್ನಡವೂ ಸೇರಿದ್ದ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅವರ ಕಣ್ಣು ತೇಗದ ಮೇಲಿತ್ತು. ಮೊದಲು ಹಡಗಿಗೆ ಬೇಕಾಗಿದ್ದ ಮರ, ಆಮೇಲೆ ರೈಲು ಹಳಿಯ ಸ್ಲೀಪರುಗಳಿಗೂ ಬೇಕಾಯಿತು. ಕುಮರಿಯವನು ಮರ ಹಾಳುಮಾಡುವವನಾಗಿ ಕಂಡ. ಅನುಮತಿಯಿಲ್ಲದೆ ಕುಮರಿ ಕಡಿಯಬಾರದೆಂದು 1860ರಲ್ಲಿ ಮದ್ರಾಸ್ ಸರ್ಕಾರ ಆಜ್ಞೆ ಮಾಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದರೂ ಹಿಡಿತ ಸಡಿಲಲಿಲ್ಲ. 1878ರ ಅರಣ್ಯ ಕಾಯ್ದೆ ಬಂದ ಮೇಲಂತೂ ಕಾಯ್ದಿಟ್ಟ ಕಾಡಿನೊಳಗೆ ದನ ಮೇಯಿಸುವುದೂ ಸೌದೆ ತರುವುದೂ ಅಪ್ಪಣೆಯಿಲ್ಲದಿದ್ದರೆ ಅಪರಾಧವಾಯಿತು.

ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಹೀಗಾಗಲಿಲ್ಲ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬಂದು, ದನದ ತುಳಿತಕ್ಕೆ ಸಿಕ್ಕಿ ಗೊಬ್ಬರವಾಗಿ ಅಡಿಕೆ ಬುಡ ಸೇರಬೇಕು, ಇಲ್ಲದಿದ್ದರೆ ತೋಟವಿಲ್ಲ. ತೋಟವಿಲ್ಲದಿದ್ದರೆ ಸರ್ಕಾರಕ್ಕೆ ಕಂದಾಯವೂ ಇಲ್ಲ. ಹಾಗಾಗಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ಅದನ್ನೂ ಹಕ್ಕೆಂದು ಒಪ್ಪಲಿಲ್ಲ, ‘ಪ್ರಿವಿಲೇಜು’ ಎಂದು ಬರೆದುಕೊಂಡರು. ಕಂದಾಯ ಕಟ್ಟುವವನಿಗೆ ಸೊಪ್ಪು ಸಿಕ್ಕಿತು, ಪಟ್ಟಾ ಇಲ್ಲದ ಕುಣಬಿಗೆ ಗುಡ್ಡ ತಪ್ಪಿತು. ಕಾಡು ಉಳಿಸುವ ಕಾಳಜಿಯೊಂದೇ ಇದ್ದಿದ್ದರೆ ಈ ತರತಮ ಇರುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

1930ರಲ್ಲಿ ಈ ಜಿಲ್ಲೆಯ ಜನ ಅರಣ್ಯ ಕಾಯ್ದೆ ಮುರಿಯಲು ಕಾಡಿಗಿಳಿದರು, ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೂ 1927ರ ಬ್ರಿಟಿಷ್ ಅರಣ್ಯ ಕಾಯ್ದೆ ದೇಶದಲ್ಲಿ ಉಳಿಯಿತು. ಕೊನೆಗೆ 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನ ಜನಕ್ಕೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿತು.

ಆದರೆ ಗೋವಾದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಕುಣಬಿಗಳು ಗಡಿಯ ಈಚೆ, ಉತ್ತರ ಕನ್ನಡದ ಜೋಯಿಡಾದಲ್ಲಿ, ಆ ಪಟ್ಟಿಗೆ ಸೇರಿಲ್ಲ. ಪಟ್ಟಿಯ ಹೊರಗಿರುವವರು ಈ ಕಾಯ್ದೆಯಡಿ ಹಕ್ಕು ಪಡೆಯಲು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತಿದ್ದವರಿಗೆ ಅಂದು ಪಹಣಿ ಬರೆದುಕೊಟ್ಟವರಿಲ್ಲ. ಲೆಕ್ಕ ಹಾಕಿದರೆ ಆ ಪುರಾವೆ 1930ರದ್ದಾಗಿರಬೇಕು.