ನಿಮಗಿದು ಗೊತ್ತೇ? ಕಡತದ ಹಿಂದಿನ ಮಂಗಳೂರು

ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೈಗೆತ್ತಿಕೊಂಡ ಸಂವಿಧಾನದ ಮೊದಲ ಕಚ್ಚಾ ಪ್ರತಿಯನ್ನು ತಯಾರಿಸಿದ್ದು ಮಂಗಳೂರಿನ ಒಬ್ಬ ಐಸಿಎಸ್ ಅಧಿಕಾರಿ ಎಂಬುದು ಗೊತ್ತೇ? ಅವರೇ ಬೆನೆಗಲ್ ನರಸಿಂಗ ರಾವ್. ಹುಟ್ಟಿದ್ದು 1887ರಲ್ಲಿ, ಓದಿದ್ದು ಕೆನರಾ ಹೈಸ್ಕೂಲಿನಲ್ಲಿ. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದಾಗ ಗೌರವ ಸೇವೆಯೇ ಸಾಕೆಂದರು. ಸಭೆಯ ಸದಸ್ಯರಲ್ಲದ ಕಾರಣ ಅವರಿಗೆ ಅಲ್ಲಿ ಮತವೂ ಇರಲಿಲ್ಲ. ಮತವಿದ್ದದ್ದು ತಮ್ಮ, ಪತ್ರಕರ್ತ ಬಿ. ಶಿವರಾವ್ ಅವರಿಗೆ!

1947ರ ಅಕ್ಟೋಬರಿನ ಆ ಪ್ರತಿಯಲ್ಲಿದ್ದದ್ದು 243 ವಿಧಿ, 13 ಅನುಸೂಚಿ. ಕರಡು ಸಮಿತಿಯ ಕೈಯಲ್ಲಿ ವಿಧಿಗಳು 315 ಆದವು, ಕೊನೆಗೆ 395. ಹಾಗೆಂದು 'ಸಂವಿಧಾನ ಬರೆದದ್ದೇ ರಾವ್' ಎಂಬ ವಾಟ್ಸಾಪ್ ವಾದಕ್ಕೆ ತಲೆಯಾಡಿಸಬೇಡಿ. ಕಚ್ಚಾ ಪ್ರತಿ ಬರೆಯುವುದೇ ಬೇರೆ, ಸಭೆಯಲ್ಲಿ ಒಂದೊಂದು ಸಾಲಿಗೂ ಉತ್ತರ ಹೇಳಿ ಗೆಲ್ಲಿಸಿಕೊಳ್ಳುವುದೇ ಬೇರೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರೇ ಶ್ರೇಯಸ್ಸಿನ ಪಾಲನ್ನು ರಾವ್ ಅವರಿಗೂ ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೂ ಹಂಚಿದ್ದಾರೆ.

ಒಂದು ಭೇಟಿ ಜೀವ, ಸ್ವಾತಂತ್ರ್ಯದ ಹಕ್ಕು ಹೇಳುವ 21ನೇ ವಿಧಿಯ ಮಾತನ್ನೇ ಬದಲಿಸಿತು. 1947ರ ಕೊನೆಯಲ್ಲಿ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ ಹೀಗಿತ್ತು: 'ಡ್ಯೂ ಪ್ರೋಸೆಸ್' (ನ್ಯಾಯಸಮ್ಮತ ಪ್ರಕ್ರಿಯೆ) ಎಂದು ಬರೆದರೆ ಚುನಾಯಿತ ಸಭೆ ಮಾಡಿದ ಕಾನೂನನ್ನು ನ್ಯಾಯಾಧೀಶರು ಹೊಡೆದುಹಾಕುತ್ತಾರೆ. ಅದರ ಜಾಗದಲ್ಲಿ 'ಕಾನೂನು ಸ್ಥಾಪಿಸಿದ ಕಾರ್ಯವಿಧಾನ' ಬಂತು. ಈ ಸಲಹೆ ಪ್ರಜೆಗಳಿಗೆ ಸ್ವಲ್ಪ ದುಬಾರಿಯೇ ಆಯಿತೆಂದು ನನ್ನ ಅನಿಸಿಕೆ. ಆ ಕಾರ್ಯವಿಧಾನ ನ್ಯಾಯಯುತವಾಗಿಯೂ ಇರಬೇಕೆಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 1978 ಬಂದಿತ್ತು.

ಅವರ ಎಲ್ಲ ಸಲಹೆಯೂ ನಡೆಯಲಿಲ್ಲ. ನಿರ್ದೇಶಕ ತತ್ವಕ್ಕಾಗಿ ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ತಾಗಿದರೂ ಬೀಳಬಾರದು ಎಂದು ಅವರು ಸೂಚಿಸಿದ್ದರು. ಆಗ ಒಪ್ಪಿಗೆ ಸಿಗಲಿಲ್ಲ. ಅದಕ್ಕೆ ಹತ್ತಿರದ 31ಸಿ ವಿಧಿ 1971ರ 25ನೇ ತಿದ್ದುಪಡಿಯಲ್ಲಿ ಬಂತು. ರಾವ್ ತೀರಿಕೊಂಡು ಹದಿನೆಂಟು ವರ್ಷ ಕಳೆದಿತ್ತು.

ಕೊರಿಯಾ ಯುದ್ಧ ಶುರುವಾದ 1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರೂ ಇದೇ ರಾವ್. ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ನಿರ್ಣಯ 27ರಂದು ಮತಕ್ಕೆ ಬಂದಾಗ ದಿಲ್ಲಿಯ ಸೂಚನೆ ಇನ್ನೂ ಕೈಸೇರಿರಲಿಲ್ಲ. ಅಧ್ಯಕ್ಷರೇ ಮತದಾನದಲ್ಲಿ ಭಾಗವಹಿಸಲಿಲ್ಲ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯವರಿಗೊಂದು ಸಂಗತಿ. ಹಿಂದೂ ಕಾನೂನು ಪರಿಷ್ಕರಣೆಗೆ 1941ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರೂ ನರಸಿಂಗ ರಾವ್. ಆ ಕೆಲಸದ ಮುಂದುವರಿಕೆಯಾಗಿ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮಿನಲ್ಲಿ ಅಳಿಯಸಂತಾನದ ಹೆಸರು ಎದ್ದು ಕಾಣುತ್ತದೆ.

ಇನ್ನೊಬ್ಬ ತಮ್ಮ ಬೆನೆಗಲ್ ರಾಮರಾವ್, ಅವರೂ ಐಸಿಎಸ್. 1949ರ ಜುಲೈ 1ರಿಂದ ರಿಸರ್ವ್ ಬ್ಯಾಂಕ್ ಗವರ್ನರ್. ಏಳೂವರೆ ವರ್ಷದ ಅವರ ಅವಧಿಯನ್ನು ಈವರೆಗೆ ಯಾರೂ ದಾಟಿಲ್ಲ. ಸರ್ಕಾರದೊಡನೆ ಅವರ ಜಗಳ ಹುಟ್ಟಿದ್ದು ವ್ಯಾಪಾರದ ಹುಂಡಿಯ (ಸಾಲಪತ್ರದ) ಮೇಲಿನ ಸ್ಟ್ಯಾಂಪ್ ಸುಂಕದಿಂದ. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅದನ್ನು ಏರಿಸಿದರು. ನೋಡಲು ಸಣ್ಣ ತೆರಿಗೆ. ಆದರೆ ಬ್ಯಾಂಕುಗಳು ಇಂಥ ಹುಂಡಿಗಳ ಆಧಾರದ ಮೇಲೆಯೇ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದರಿಂದ, ಬಡ್ಡಿದರವನ್ನು ಹಿಂಬಾಗಿಲಿನಿಂದ ಏರಿಸಿದಂತಾಯಿತು. ಅದು ನಮ್ಮ ಕೆಲಸ ಎಂದರು ರಾಮರಾವ್. ರಿಸರ್ವ್ ಬ್ಯಾಂಕು ತಮ್ಮ ಇಲಾಖೆಯ ಒಂದು ಭಾಗವೆಂದರು ಸಚಿವರು. ನೆಹರೂ ಸಚಿವರ ಪಕ್ಷ ವಹಿಸಿದರು. 1957ರ ಜನವರಿ 14ಕ್ಕೆ ಗವರ್ನರ್ ಹೊರನಡೆದರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನು ಶೇ. 3.5ರಿಂದ 4ಕ್ಕೆ ನೇರವಾಗಿಯೇ ಏರಿಸಲಾಯಿತು! ಆಗ ಗವರ್ನರ್ ಕುರ್ಚಿಯಲ್ಲಿದ್ದ ಎಚ್.ವಿ.ಆರ್. ಅಯ್ಯಂಗಾರ್ ಒಂದು ಕಾಲಕ್ಕೆ ರಾಮರಾವ್ ಅವರ ಅಣ್ಣ ನರಸಿಂಗ ರಾವ್ ಜೊತೆ ಸಂವಿಧಾನ ಸಭೆಯ ಕಾರ್ಯದರ್ಶಿಯಾಗಿದ್ದವರು.

ಬೆನೆಗಲ್ ಸಹೋದರರಿಗಿಂತ ಬಹಳ ಮೊದಲೇ ಈ ಕರಾವಳಿಯಿಂದ ಸಲಹೆಗಳು ಮೇಲಕ್ಕೆ ಹೋಗುತ್ತಿದ್ದವು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋಗೆ ಇಲ್ಲಿಯ ಮಳೆಯೂ ಹಿಡಿಸಲಿಲ್ಲ, ಊರೂ ಹಿಡಿಸಲಿಲ್ಲ. ವರ್ಗ ಮಾಡಿ ಎಂದು ಕಾಡಿ 1800ರಲ್ಲಿ ಹೊರಟೇಹೋದ. ಆದರೆ ಹೋಗುವ ಮುನ್ನ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿ ಬಲವಾದದ್ದು. ಹಳೆಯ ಲೆಕ್ಕಪತ್ರ ತೆಗೆಸಿ ನೋಡಿ, ಇಲ್ಲಿಯ ಭೂಮಿ ರೈತರ ಖಾಸಗಿ ಸ್ವತ್ತು, ಕಂದಾಯದ ಹೊರೆ ತಗ್ಗಿಸಬೇಕು ಎಂದ. ಹೊರೆ ಸಾಕಷ್ಟು ತಗ್ಗಲಿಲ್ಲವೆಂದು ಕಾಣುತ್ತದೆ. 1830–31ರಲ್ಲಿ ರೈತರು ಕೂಟ ಕೂಡಿ ಕಂದಾಯ ಕಟ್ಟಲು ನಿರಾಕರಿಸಿದರು. ಸರ್ಕಾರ ಮತ್ತೊಬ್ಬ ಅಧಿಕಾರಿ ಸ್ಟೋಕ್ಸ್‌ನನ್ನು ತನಿಖೆಗೆ ಕಳಿಸಿತು. 1833ರಲ್ಲಿ ಮತ್ತೊಂದು ವರದಿ!

ಹಾಗಾದರೆ ಅಧಿಕಾರಿಯೊಬ್ಬರು ಸಚಿವರಿಗೆ ಒಪ್ಪಿಗೆಯಾಗದ ಟಿಪ್ಪಣಿ ಬರೆಯಬಹುದೇ? ಧಾರಾಳವಾಗಿ. ತಮ್ಮ ಕಾರ್ಯದರ್ಶಿ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯ ಕೊಟ್ಟಿದ್ದೇನೆ ಎಂದು ಸರ್ದಾರ್ ಪಟೇಲರು 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲೇ ಹೇಳಿದ್ದರು. ಬಾಯಿಮಾತಿನ ಆದೇಶಕ್ಕೂ ಕಡಿವಾಣವಿದೆ: ಐಎಎಸ್ ಅಧಿಕಾರಿಗಳ 1968ರ ನಡತೆ ನಿಯಮದಂತೆ ಮೇಲಿನವರ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಲ್ಲಿ ಹೇಳಿದ್ದಾದರೆ ಆಮೇಲಾದರೂ ಕಾಗದಕ್ಕೆ ಇಳಿಯಬೇಕು. ಎಷ್ಟು ಇಳಿಯುತ್ತದೆ ಎಂದು ಕೇಳಬೇಡಿ.

'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಮುಗಿಯುವ ಆ ಟಿಪ್ಪಣಿ ಹಾಳೆಗಳನ್ನು ನೀವೂ ಓದಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಾಹಿತಿ ಎಂದರೆ ಅಭಿಪ್ರಾಯ, ಸಲಹೆಗಳೂ ಸೇರಿವೆ. ಸಂಪುಟದ ಕಾಗದಗಳಿಗೆ ಮಾತ್ರ ತೀರ್ಮಾನವಾಗಿ ವಿಷಯ ಮುಗಿಯುವವರೆಗೆ ಕಾಯಬೇಕು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ.