ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಳ್ಳುವ ಮುನ್ನ: ಚಿಕ್ಕಬಳ್ಳಾಪುರ ಸೀಮೆಯ ತಪ್ಪು ಕಲ್ಪನೆಗಳು, ಸತ್ಯಗಳು

ಸೆಮಿ ಆಟೋಮ್ಯಾಟಿಕ್ ರೈಫಲಿನ ಟ್ರಿಗರ್ ಒಮ್ಮೆ ಎಳೆದರೆ ಹಾರುವುದು ಒಂದೇ ಗುಂಡು. ಮದ್ದು ಸಿಡಿದಾಗ ಹುಟ್ಟುವ ಅನಿಲದ ಒತ್ತಡದಿಂದಲೋ ಹಿನ್ನೊದೆತದಿಂದಲೋ ಬೋಲ್ಟ್ ತಾನಾಗಿ ಹಿಂದೆ ಸರಿಯುತ್ತದೆ, ಖಾಲಿ ತೋಟಾವನ್ನು ಹೊರಗೆಸೆಯುತ್ತದೆ, ಮ್ಯಾಗಜಿನ್‌ನಿಂದ ಹೊಸದನ್ನು ನಳಿಗೆಗೆ ದೂಡುತ್ತದೆ. ಮುಂದಿನ ಗುಂಡು ಹಾರಬೇಕಾದರೆ ಬೆರಳು ಸಡಿಲಿಸಿ ಮತ್ತೆ ಎಳೆಯಲೇಬೇಕು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಸುರಿಸುವುದು ಪೂರ್ಣ ಆಟೋಮ್ಯಾಟಿಕ್ ಆಯುಧ. ಎರಡೂ ಒಂದೇ ಎಂಬ ನಂಬಿಕೆ ಹರಡಿದ್ದರಲ್ಲಿ ಸಿನಿಮಾಗಳ ಪಾಲು ದೊಡ್ಡದು. ಪೊಲೀಸರ ಹೆಗಲಿನಲ್ಲಿ ಬಹುಕಾಲ ಕಂಡ 7.62 ಮಿ.ಮೀ. ಎಸ್‌ಎಲ್‌ಆರ್, ಇಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು, ಸೆಮಿ ಆಟೋಮ್ಯಾಟಿಕ್ ಜಾತಿಯದೇ.

ಲೈಸೆನ್ಸ್ ಒಂದಿದ್ದು ಕೈಯಲ್ಲಿ ಹಣವಿದ್ದರೆ ಇಂಥ ರೈಫಲನ್ನು ಅಂಗಡಿಯಲ್ಲಿ ಕೊಳ್ಳಬಹುದು ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಇದಕ್ಕೆ ಒಂದು ಅರ್ಧಸತ್ಯದ ಬೆಂಬಲವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ‘ನಿಷೇಧಿತ ಆಯುಧ’ವನ್ನು ವಿವರಿಸುವಾಗ ಟ್ರಿಗರ್ ಒತ್ತಿದಷ್ಟು ಹೊತ್ತು ಗುಂಡು ಹಾರಿಸುತ್ತಲೇ ಇರುವ ಆಯುಧವನ್ನು ಹೆಸರಿಸುತ್ತದೆ, ಸೆಮಿ ಆಟೋ ಆ ವಿವರಣೆಗೆ ಸಿಗುವುದಿಲ್ಲ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿ ತೆರೆದರೆ ಸೆಮಿ ಆಟೋಮ್ಯಾಟಿಕ್ ರೈಫಲ್ ಒಂದನೇ ವರ್ಗದಲ್ಲೇ ಕುಳಿತಿದೆ. .303 ಮತ್ತು 7.62 ಮಿ.ಮೀ. ಸೇನಾ ತೋಟಾ ಹಿಡಿಯುವ ರೈಫಲುಗಳು, ಬೋಲ್ಟನ್ನು ಕೈಯಿಂದಲೇ ಎಳೆಯಬೇಕಾದವು ಸಹ, ಅದೇ ವರ್ಗಕ್ಕೆ ಸೇರಿವೆ. ಆ ವರ್ಗಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎಷ್ಟು ಸಲ ಅರ್ಜಿ ಹಾಕಿದರೂ ಅದು ಅಲ್ಲಿ ಇತ್ಯರ್ಥವಾಗುವ ವಿಷಯವಲ್ಲ. ಸೈನ್ಯದಲ್ಲಿ ಇಪ್ಪತ್ತು ವರ್ಷ ಎಸ್‌ಎಲ್‌ಆರ್ ಹಿಡಿದು ನಿವೃತ್ತರಾದವರಿಗೂ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಪಿಸ್ತೂಲಿನ ಮಾತು ಬೇರೆ: .32 ಪಿಸ್ತೂಲು ಸಹ ತಾನಾಗಿಯೇ ತೋಟಾ ತುಂಬಿಕೊಳ್ಳುತ್ತದೆ, ಆದರೂ ಅದು ಜಿಲ್ಲಾಧಿಕಾರಿಯ ಅಧಿಕಾರದೊಳಗಿನ ಮೂರನೇ ವರ್ಗದಲ್ಲಿದೆ. ‘ಯಾರೋ ಒಬ್ಬರಿಗೆ ಸೆಮಿ ಆಟೋ ಲೈಸೆನ್ಸ್ ಸಿಕ್ಕಿದೆ’ ಎಂಬ ಸುದ್ದಿಯ ಮೂಲ ಸಾಮಾನ್ಯವಾಗಿ ಈ ಪಿಸ್ತೂಲೇ ಆಗಿರುತ್ತದೆ.

ಕೊಡಗಿನ ಉದಾಹರಣೆಯನ್ನು ಎಳೆದು ತರುವವರೂ ಇದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಅದು ಕೊಡಗಿನಲ್ಲಿ ವಾಸವಿರುವ ಎಲ್ಲರಿಗೂ ಅನ್ವಯಿಸುವುದಿಲ್ಲ, ಗೌರಿಬಿದನೂರಿಗಂತೂ ಇಲ್ಲವೇ ಇಲ್ಲ.

ಹಾಗಾದರೆ ರೈತನಿಗೆ ಸಿಗುವುದೇನು? ಕಾಯ್ದೆಯ 13ನೇ ಕಲಂ ಎರಡು ಆಯುಧಗಳನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಒಂದು, ರಕ್ಷಣೆಗೆ ಅಥವಾ ಕ್ರೀಡೆಗೆ ಬಳಸುವ, ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು; ಇನ್ನೊಂದು, ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿ. ಮದ್ದು ತುಂಬುವ ಕೋವಿ ಬೆಳೆ ರಕ್ಷಣೆಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಬಂದೂಕಿಗೂ ಲೈಸೆನ್ಸ್ ಕೊಡಬಹುದು. ನೆಲಗಡಲೆ, ಮುಸುಕಿನ ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗುವ ಕಡೆ ಇದೇ ಸರಿಯಾದ ದಾರಿ, ಕಾನೂನಿಗಾಗಿ ಮಾತ್ರವಲ್ಲ. ನಂದಿ ಸಾಲಿನಿಂದ ಚಿಂತಾಮಣಿಯ ಅಂಬಾಜಿ ದುರ್ಗದವರೆಗೆ ಇದು ಬಂಡೆಯ ನಾಡು, ನಡುವೆಲ್ಲ ಬಯಲು. ಊರಿಂದ ಊರಿಗೆ ಒಂದೆರಡು ಮೈಲಿ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟದ ಬದಿಯಲ್ಲೇ ಹುಳು ಸಾಕುವ ಮನೆಗಳಿರುತ್ತವೆ, ರಾತ್ರಿಯೂ ಜನ ಓಡಾಡುತ್ತಾರೆ. ‘ಸಣ್ಣದು’ ಎನಿಸಿಕೊಂಡ .22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು; .30-06ರದು ಮೂರು ಕಿಲೋಮೀಟರಿನಾಚೆಗೂ ಹೋಗುತ್ತದೆ, ಬಂಡೆಗೆ ತಾಗಿದರೆ ಎತ್ತ ತಿರುಗುವುದೋ ಹೇಳಲಾಗದು. 12 ಬೋರಿನ ಚರೆ ನಲವತ್ತು ಮೀಟರಿನಾಚೆ ಚದುರಿ ಬಿರುಸು ಕಳೆದುಕೊಳ್ಳುತ್ತದೆ. ದೂರ ಹೋಗುವುದೇ ಒಳ್ಳೆಯ ಬಂದೂಕಿನ ಗುಣ ಎಂದು ತಿಳಿಯುವುದು ಈ ಬಯಲುಸೀಮೆಯಲ್ಲಿ ಅಪಾಯಕ್ಕೆ ದಾರಿ.

ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಅನುಮತಿ ಎಂಬ ನಂಬಿಕೆಯೂ ಬಲವಾಗಿದೆ. ಬಂದೂಕು ಇಟ್ಟುಕೊಳ್ಳಲು ಒಂದು ಕಾಯ್ದೆ, ಪ್ರಾಣಿಯ ವಿಷಯಕ್ಕೆ ಇನ್ನೊಂದು ಕಾಯ್ದೆ. ನವಿಲು, ಕೃಷ್ಣಮೃಗ, ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಟೊಮೆಟೊ ತಿಂದ ನವಿಲಿಗೆ ಏರ್‌ಗನ್ನಿನಿಂದ ಹೊಡೆದರೂ ಅಪರಾಧವೇ. 20 ಜೂಲಿಗಿಂತ ಕಡಿಮೆ ಶಕ್ತಿಯ .177 ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದು ಅಲ್ಲಿ ರಕ್ಷಣೆಗೆ ಬರುವುದಿಲ್ಲ.

ಬೋರಿನ ಸಂಖ್ಯೆಯನ್ನು ಶಕ್ತಿಯ ಅಳತೆಯೆಂದು ಓದುವುದು ಇನ್ನೊಂದು ಅಭ್ಯಾಸ. .22 ಎಂದರೆ ಸುಮಾರು 5.6 ಮಿ.ಮೀ.; ಸೇನೆಯ ಇನ್ಸಾಸ್ ರೈಫಲಿನ ಬೋರು 5.56. ದಪ್ಪ ಹೆಚ್ಚುಕಡಿಮೆ ಒಂದೇ, ಗುಂಡಿನ ಬಲ ಮಾತ್ರ ಸುಮಾರು ಹತ್ತು ಪಟ್ಟು ಬೇರೆ, ಏಕೆಂದರೆ ತೋಟಾದೊಳಗಿನ ಮದ್ದು ಬೇರೆ. .315 ಬೋರು .303ಕ್ಕಿಂತ ತುಸು ದಪ್ಪ. ಅಷ್ಟಕ್ಕೇ ಅದು ಹೆಚ್ಚು ಬಲಶಾಲಿಯಲ್ಲ. ನಾಗರಿಕರ ಕೈಗೆ ಆ ಬೋರು ಬಂದದ್ದಕ್ಕೆ ಕಾರಣ, ಸೇನೆಯ ತೋಟಾ ಅದರಲ್ಲಿ ಹಿಡಿಯದಿರುವುದು. ನಯ ನಳಿಗೆಯಲ್ಲಿ ಲೆಕ್ಕ ತಿರುವುಮುರುವು: ನಳಿಗೆಯಷ್ಟೇ ದಪ್ಪದ ಸೀಸದ ಹನ್ನೆರಡು ಗುಂಡು ಸೇರಿ ಒಂದು ಪೌಂಡ್ ತೂಗಿದರೆ ಅದು 12 ಬೋರು. ಆದ್ದರಿಂದ 16 ಬೋರು ಅದಕ್ಕಿಂತ ಸಣ್ಣದು.

ಈ ಸೀಮೆಯಲ್ಲಿ ಹಳೆಯ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕು ಕೊಳ್ಳುವವರು ‘ವಿಲಾಯತಿ ಮಾಲು, ಹಾಳಾಗುವುದಿಲ್ಲ’ ಎಂದು ನಂಬಿ ಹಣ ಕೊಡುವುದುಂಟು. ಹೆಸರಿಗಿಂತ ನಳಿಗೆಯ ಒಳಗೋಡೆ ಹೆಚ್ಚು ಹೇಳುತ್ತದೆ. ಮೊದಲು ಬಂದೂಕನ್ನು ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ, ಎರಡೂ ನಳಿಗೆ ಖಾಲಿಯೇ ಎಂದು ಕಣ್ಣಾರೆ ಕಾಣಬೇಕು. ಬಳಿಕ ನಳಿಗೆಗಳನ್ನು ಕಳಚಿ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಾಣುತ್ತವೆ. ಬಳೆ ಒಂದೆಡೆ ಸೊಟ್ಟಗಾಗಿದ್ದರೆ ಅಲ್ಲಿ ನಗ್ಗು ಇದೆ. ಕಪ್ಪು ಚುಕ್ಕಿ ಎಣ್ಣೆ ಬಟ್ಟೆಯಿಂದ ಒರೆಸಿದರೂ ಉಳಿದರೆ ತುಕ್ಕು ಲೋಹವನ್ನು ತಿಂದಿದೆ ಎಂದೇ ಅರ್ಥ. ನಳಿಗೆಯ ಮೈಯಲ್ಲಿ ಹೆಣೆದಂಥ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ನೋಡಲು ಚೆಂದ, ಆದರೆ ಕರಿಮದ್ದಿನ ಕಾಲಕ್ಕೆ ಮಾಡಿದ್ದು, ಇಂದಿನ ತೋಟಾದ ಒತ್ತಡಕ್ಕೆ ಸಿಡಿಯಬಹುದು. ತೋಟಾ ಕೂರುವ ಗೂಡಿನ ಉದ್ದವನ್ನೂ ಕೇಳಬೇಕು: ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಅದು 65 ಮಿ.ಮೀ. ಇರುವುದು ಹೆಚ್ಚು. ಅದರಲ್ಲಿ 70 ಮಿ.ಮೀ. ತೋಟಾ ಕೂತರೂ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಮುಂದಿನ ಮರದ ಹಿಡಿ ತೆಗೆದು, ಬಂದೂಕು ಮುಚ್ಚಿ ಅಲುಗಿಸಿದಾಗ ಕೀಲಿನಲ್ಲಿ ಕಟಕಟ ಎಂದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಸೇಫ್ಟಿ ಹಾಕಿದ ಬಂದೂಕು ಸಿಡಿಯುವುದೇ ಇಲ್ಲ ಎಂದುಕೊಳ್ಳುವುದೂ ತಪ್ಪು. ಬಹಳಷ್ಟು ಜೋಡಿ ನಳಿಗೆ ಬಂದೂಕುಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗಿನ ಸುತ್ತಿಗೆಯನ್ನಲ್ಲ. ಬಿದ್ದರೆ ಹಾರಬಹುದು.

ಕಾಗದದ ಪರೀಕ್ಷೆ ಇದಕ್ಕಿಂತ ಕಡಿಮೆಯದಲ್ಲ. ಬಂದೂಕಿನ ಮೇಲೆ ಕೊರೆದ ಸಂಖ್ಯೆ, ಮಾರುವವನ ಲೈಸೆನ್ಸಿನಲ್ಲಿರುವ ಸಂಖ್ಯೆ ಎರಡೂ ಅಂಕಿ ಅಂಕಿಗೂ ತಾಳೆಯಾಗಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಲೈಸೆನ್ಸ್ ಕೋಲಾರದಿಂದ ಬರುತ್ತಿತ್ತು, ಆದ್ದರಿಂದ ಹಳೆಯ ಪುಸ್ತಕದಲ್ಲಿ ಕೋಲಾರದ ಮುದ್ರೆ ಕಂಡರೆ ಗಾಬರಿ ಬೇಡ. ನಂತರದ ನವೀಕರಣಗಳು ಇವೆಯೇ ಎಂದು ನೋಡಿದರಾಯಿತು. ಖಾಸಗಿ ಮಾರಾಟಕ್ಕೆ ಮುಂಚೆ ಕೊಳ್ಳುವವನ ಹೆಸರು, ವಿಳಾಸ ಸಹಿತ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಳೆಯಬೇಕು. ಕೊಳ್ಳುವವನಿಗೂ ಮೊದಲೇ ಲೈಸೆನ್ಸ್ ಇರಬೇಕು. ‘ಈಗ ಇಟ್ಟುಕೊಳ್ಳಿ, ಕಾಗದ ಆಮೇಲೆ’ ಎಂಬ ವ್ಯವಹಾರಕ್ಕೆ, 2019ರ ತಿದ್ದುಪಡಿಯ ಪ್ರಕಾರ, ಸಾಮಾನ್ಯ ಬಂದೂಕಾದರೂ ಕನಿಷ್ಠ 2 ವರ್ಷ ಜೈಲು. ನಿಷೇಧಿತ ಆಯುಧವಾದರೆ ಕನಿಷ್ಠ 7 ವರ್ಷ.

ತಂದೆಯ ಬಂದೂಕು ಮಗನಿಗೆ ತಾನಾಗಿ ಬರುತ್ತದೆ ಎಂಬ ಮಾತಿಗೂ ಕಾನೂನಿನ ಆಧಾರವಿಲ್ಲ. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ, ಅಥವಾ ಅವರಿಗೆ 70 ತುಂಬಿದರೆ ಇಲ್ಲವೇ ಅವರು 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಹೊಸ ಲೈಸೆನ್ಸ್ ಕೇಳಬಹುದು. ಸಾವಿನ ನಂತರ ಲೈಸೆನ್ಸ್ ಸಿಗುವವರೆಗೆ ಬಂದೂಕು ಠಾಣೆಯಲ್ಲೋ ಅಧಿಕೃತ ಡೀಲರ ಬಳಿಯೋ ಠೇವಣಿ ಇರಬೇಕು. ಒಬ್ಬರಿಗೆ ಎರಡೇ ಬಂದೂಕು ಎಂಬ 2019ರ ಮಿತಿಯೂ ಇದೆ. ಮೊದಲು ಅದು ಮೂರಿತ್ತು. ಈಗಾಗಲೇ ಎರಡಿದ್ದವರು ಮೂರನೆಯದನ್ನು ನೋಡಲು ಹೋಗುವುದೇ ವ್ಯರ್ಥ.